ಬಸುರಿಗೆ ನಲವತ್ತೆರಡು ಪುಟ

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಬಡವರು ಸರ್ಕಾರಿ ನೆರವು ಕೇಳಬೇಕಾದರೆ ಕೆಲ ವರ್ಷಗಳ ಹಿಂದಿನವರೆಗೂ 42 ಪುಟದ ಅರ್ಜಿ ತುಂಬಬೇಕಿತ್ತು. ಸಾವಿರಕ್ಕೂ ಮಿಕ್ಕಿದ ಪ್ರಶ್ನೆಗಳು. ಮೆಡಿಕೇಡ್ ಎಂಬ ಸರ್ಕಾರಿ ಆರೋಗ್ಯ ವಿಮೆಗೂ ಅದೇ, ಆಹಾರದ ನೆರವಿಗೂ ಅದೇ. ಅದರಲ್ಲೊಂದು ಪ್ರಶ್ನೆ: ನಿಮ್ಮ ಮಗು ಗರ್ಭದಲ್ಲಿ ನಿಂತ ತಾರೀಖು ಯಾವುದು? ನಗುವ ಮೊದಲು ನೆನಪಿರಲಿ, ನಮ್ಮ ಮಾತೃವಂದನಾ ಯೋಜನೆಯೂ ಮೊದಮೊದಲು ಬಸುರಿಯ ಗಂಡನ ಆಧಾರ್ ಕೇಳುತ್ತಿತ್ತು. ಅದು ಕಡ್ಡಾಯವಲ್ಲ ಎಂದಾದದ್ದು 2022ರ ಮಾರ್ಗಸೂಚಿಯಲ್ಲಿ.

ಡೆಟ್ರಾಯಿಟ್‌ನ ಸಿವಿಲ್ಲಾ ಎಂಬ ವಿನ್ಯಾಸ ಸಂಸ್ಥೆ ಅರ್ಜಿದಾರರ ಜೊತೆಗೂ ಕಚೇರಿಯ ನೌಕರರ ಜೊತೆಗೂ ಕೂತು ಮಿಷಿಗನ್‌ನ ಈ ಅರ್ಜಿಯ ಶೇ. 80ರಷ್ಟನ್ನು ಕತ್ತರಿಸಿತು. 2018ರಲ್ಲಿ ಹೊಸ ಅರ್ಜಿ ರಾಜ್ಯವಿಡೀ ಬಂತು. ಮೆಚ್ಚಬೇಕಾದ ಕೆಲಸ. ಆದರೆ ಈ ಕತೆ ಹೇಳುವವರು ಪುಟಗಳ ಲೆಕ್ಕ ಕೊಟ್ಟು ಸುಮ್ಮನಾಗುತ್ತಾರೆ. ಬಸುರಿಗೆ ಬೇಕಾದದ್ದು ವಾರಗಳ ಲೆಕ್ಕ. ಮೆಡಿಕೇಡ್ ಅರ್ಜಿಯನ್ನು ತೀರ್ಮಾನಿಸಲು ಕೇಂದ್ರದ ನಿಯಮ ರಾಜ್ಯಗಳಿಗೆ 45 ದಿನ ಕೊಡುತ್ತದೆ. ಮುಟ್ಟು ನಿಂತದ್ದು ಖಚಿತವಾಗಿ, ಕಾಗದಪತ್ರ ಹೊಂದಿಸಿ, ಮೇಲೆ ಈ 45 ದಿನ ಕಾದರೆ ಮೊದಲ ಮೂರು ತಿಂಗಳು ಮುಗಿದಿರುತ್ತವೆ. ರಕ್ತದೊತ್ತಡ, ರಕ್ತಹೀನತೆ ಅಷ್ಟು ದಿನ ಕಾಯುವುದಿಲ್ಲ.

ಹಾಗಾಗಿ ನನ್ನ ಮಟ್ಟಿಗೆ ಮಿಷಿಗನ್‌ಗಿಂತ ದೊಡ್ಡ ಸುಧಾರಣೆ 1986ರ ಕೇಂದ್ರ ಕಾನೂನಿನದ್ದು. ಅದರ ಪ್ರಕಾರ ಆದಾಯದ ಬಗ್ಗೆ ನಾಲ್ಕಾರು ಪ್ರಶ್ನೆ ಕೇಳಿ, ಕ್ಲಿನಿಕ್ಕೇ ಬಸುರಿಗೆ ಅಂದೇ ತಾತ್ಕಾಲಿಕ ವಿಮೆ ಕೊಡಬಹುದು. ಪೂರ್ಣ ಅರ್ಜಿ ಆಮೇಲೆ. ಬೇಸರವೆಂದರೆ ಇದು ರಾಜ್ಯಗಳ ಇಚ್ಛೆಗೆ ಬಿಟ್ಟದ್ದು, ಎಲ್ಲವೂ ಒಪ್ಪಿಲ್ಲ. ಇನ್ನೊಂದು ನಿಯಮವೂ ಚೆನ್ನಾಗಿದೆ: ತಾನು ಬಸುರಿ ಎಂದು ಹೆಣ್ಣು ಹೇಳಿದರೆ ಸಾಕು, ಅದಕ್ಕೆ ವಿರುದ್ಧವಾದ ಮಾಹಿತಿ ಸರ್ಕಾರದ ಬಳಿ ಇಲ್ಲದಿದ್ದರೆ ವೈದ್ಯರ ಚೀಟಿ ಕೇಳುವಂತಿಲ್ಲ. ಎಷ್ಟು ಮಕ್ಕಳ ನಿರೀಕ್ಷೆ ಎಂಬ ಪ್ರಶ್ನೆ ಮಾತ್ರ ಅರ್ಜಿಯಲ್ಲಿ ಉಳಿಯಲೇಬೇಕು. ಹುಟ್ಟಲಿರುವ ಕೂಸನ್ನೂ ಮನೆಯ ಮಂದಿಯಲ್ಲಿ ಎಣಿಸುವುದರಿಂದ ಆದಾಯದ ಮಿತಿ ಏರುತ್ತದೆ, ಅವಳಿಗೆ ವಿಮೆ ಸಿಗುವುದು ಸುಲಭವಾಗುತ್ತದೆ.

ಹೆರಿಗೆಯ ನಂತರದ ಕತೆ ಇನ್ನೂ ವಿಚಿತ್ರ. ಮೆಡಿಕೇಡ್ ತಾಯಿಗೆ ಹುಟ್ಟಿದ ಮಗುವಿಗೆ ಅರ್ಜಿಯೇ ಇಲ್ಲದೆ ಒಂದು ವರ್ಷದ ವಿಮೆ. ಬಾಣಂತಿಗೆ ಮಾತ್ರ 60 ದಿನದ್ದಷ್ಟೇ ಇತ್ತು! ಅಷ್ಟರ ಮೇಲೆ ಅವಳ ಅರ್ಹತೆಯನ್ನು ಮತ್ತೆ ಅಳೆಯುತ್ತಿದ್ದರು. ಅಮೆರಿಕದಲ್ಲಿ 2017–19ರ ನಡುವೆ ಪರಿಶೀಲಿಸಿದ ತಾಯಂದಿರ ಸಾವುಗಳಲ್ಲಿ ಶೇ. 53 ನಡೆದದ್ದು ಹೆರಿಗೆಯಾಗಿ ಏಳು ದಿನದಿಂದ ಒಂದು ವರ್ಷದೊಳಗೆ. 2021ರ ಕಾನೂನು ಬಾಣಂತಿಯ ವಿಮೆಯ ಅವಧಿಯನ್ನು 12 ತಿಂಗಳಿಗೆ ಏರಿಸಲು ದಾರಿ ಮಾಡಿತು. ಬಹುತೇಕ ಎಲ್ಲ ರಾಜ್ಯಗಳೂ ಒಪ್ಪಿವೆ. ಅರ್ಜಿ ತಿದ್ದುವುದಕ್ಕಿಂತ ಅರ್ಜಿಯ ಅಗತ್ಯವನ್ನೇ ತೆಗೆದ ಈ ಹೆಜ್ಜೆಗೆ ನಾನು ಹೆಚ್ಚು ಅಂಕ ಕೊಡುತ್ತೇನೆ.

ವರ್ಷ ಕಳೆದ ಮೇಲೆ ನವೀಕರಣದ ಸರದಿ. ಯಾರನ್ನೂ ವಿಮೆಯಿಂದ ತೆಗೆಯದಂತೆ ಇದ್ದ ಕೋವಿಡ್ ಕಾಲದ ರಕ್ಷಣೆ 2023ರಲ್ಲಿ ಮುಗಿದಾಗ ಎರಡೂವರೆ ಕೋಟಿಗೂ ಹೆಚ್ಚು ಜನ ಮೆಡಿಕೇಡ್‌ನಿಂದ ಹೊರಬಿದ್ದರು. ಅವರಲ್ಲಿ ಹೆಚ್ಚಿನವರು ಅನರ್ಹರೆಂದು ಸಾಬೀತಾದವರಲ್ಲ, ಕಾಗದಪತ್ರದ ಕಾರಣಕ್ಕೆ ಹೋದವರು. ಸಂಬಳದ ವಿವರ ಸರ್ಕಾರದ ಬಳಿಯೇ ಇದ್ದರೆ ಅದನ್ನೇ ನೋಡಿ ನವೀಕರಿಸಬೇಕೆಂಬ ನಿಯಮ ಆಗಲೂ ಇತ್ತು. ಆದರೆ ಹಲವು ರಾಜ್ಯಗಳ ಕಂಪ್ಯೂಟರ್‌ಗಳು ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ನೋಡದೆ ಇಡೀ ಮನೆಯನ್ನು ಒಟ್ಟಿಗೆ ನೋಡಿದ್ದವು. ಹಾಗೆ ತಪ್ಪಾಗಿ ಹೊರಬಿದ್ದ ಸುಮಾರು 5 ಲಕ್ಷ ಜನರಿಗೆ, ಮುಖ್ಯವಾಗಿ ಮಕ್ಕಳಿಗೆ, ವಿಮೆಯನ್ನು ಮರಳಿ ಕೊಡಬೇಕಾಯಿತು.