ಮೃತ್ಪಿಂಡಧಾರಣ: ಒಂದು ವೈದ್ಯವಿಧಿಯ ಅರ್ಥವಿಚಾರ

ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದ ಮೂರನೆಯ ಅಧ್ಯಾಯವು ಭಗ್ನಚಿಕಿತ್ಸೆಯನ್ನು ಹೇಳತಕ್ಕುದು. ಅಂಗೈಯ ಮೂಳೆ ಮುರಿದವನಿಗೆ ಅದನ್ನು ಸಮಗೊಳಿಸಿ ಕಟ್ಟಿ, ಎಣ್ಣೆಯ ಸೇಚನವಾದ ತರುವಾಯ, ಮೊದಲು ಮಣ್ಣಿನ ಮುದ್ದೆಯನ್ನೂ ಆಮೇಲೆ ಉಪ್ಪನ್ನೂ ಕೈಗೆ ಬಲ ಬಂದಮೇಲೆ ಕಲ್ಲನ್ನೂ ಹಿಡಿಯಿಸಬೇಕೆಂದು ಅಲ್ಲಿ ಒಂದು ವಿಧಿಯುಂಟು. ಫಿಸಿಯೋಥೆರಪಿಯೆಂಬ ಚಿಕಿತ್ಸೆಯನ್ನು ಕುರಿತು ಬರೆಯುವವರಲ್ಲಿ ಕೆಲವರು ಈ ವಿಧಿಯನ್ನು ಮುಂದಿಟ್ಟು, ಪಾಶ್ಚಾತ್ಯರು ಈಚೆಗೆ ಕಂಡುಕೊಂಡುದೆಲ್ಲವೂ ಇಲ್ಲಿ ಮೊದಲೇ ಸಿದ್ಧವಾಗಿದ್ದಿತೆಂದು ಸಾಧಿಸುವರು. ಈ ವಾದವು ಎಷ್ಟರಮಟ್ಟಿಗೆ ನಿಲ್ಲುವುದೆಂಬುದು ವಿಚಾರಾರ್ಹ.

ವಿಧಿಯ ಸೊಗಸು ನಿರ್ವಿವಾದವಾದುದು. ಕಟ್ಟನ್ನು ಬಿಚ್ಚಿ ಕಟ್ಟುವುದಕ್ಕೆ ಚಳಿಗಾಲದಲ್ಲಿ 7, ಸಾಧಾರಣ ಋತುವಿನಲ್ಲಿ 5, ಬೇಸಗೆಯಲ್ಲಿ 3 ದಿನಗಳೆಂದು ಲೆಕ್ಕವಿಟ್ಟ ಗ್ರಂಥಕಾರನೇ ಕಲ್ಲಿನ ಪ್ರಸಂಗದಲ್ಲಿ ದಿನವನ್ನು ಹೇಳದೆ ‘ಜಾತಬಲ’ವೆಂಬ ವಿಶೇಷಣವನ್ನು ಸತಿಸಪ್ತಮಿಯಲ್ಲಿ ಇಟ್ಟಿರುವನು. ಮುಂದಿನ ಮೆಟ್ಟಿಲಿಗೆ ಅಧಿಕಾರವನ್ನು ಕೊಡತಕ್ಕುದು ಹುಟ್ಟಿದ ಬಲವೇ. ‘ಕೆಲವು ದಿನಗಳಾದ ಮೇಲೆ’ ಎಂದು ಕನ್ನಡಿಸಿದರೆ ವಿಧಿಯ ಪ್ರಾಣವೇ ಹೋಗುವುದು.

ಅಮೆರಿಕದ ಸೈನ್ಯವೈದ್ಯರಾಗಿದ್ದ ಥಾಮಸ್ ಡಿಲಾರ್ಮರು 1945ರಲ್ಲಿ ಭಾರವನ್ನು ಏರಿಸುತ್ತ ಸ್ನಾಯುಬಲವನ್ನು ಮರಳಿ ತರುವ ಕ್ರಮವನ್ನು ಪ್ರಕಟಿಸಿದರು. 1948ರಲ್ಲಿ ವಾಟ್ಕಿನ್ಸರೊಡನೆ ಅದನ್ನು ಪರಿಷ್ಕರಿಸಿ, ರೋಗಿಯು 10 ಸಲ ಮಾತ್ರ ಎತ್ತಬಲ್ಲ ಭಾರವನ್ನು ಗೊತ್ತುಮಾಡಿ, ಅದರ ಅರ್ಧ, ಮುಕ್ಕಾಲು, ಪೂರ್ಣವೆಂದು ಮೂರು ಆವೃತ್ತಿಗಳನ್ನು ವಿಧಿಸಿದರು. ಈ ‘ಅರ್ಧ’ವನ್ನು ಕಂಡೊಡನೆ ಸುಶ್ರುತನ ಬಲಾರ್ಧವನ್ನು ಅದಕ್ಕೆ ಗಂಟುಹಾಕುವ ಚಪಲವು ಪಂಡಿತರಿಗೆ ಸಹಜ. ಸುಶ್ರುತನ ಅರ್ಧವಾದರೋ ಉಸಿರು ಬಾಯಿಗೆ ಬರುವುದರಿಂದ ಅರಿಯತಕ್ಕುದು, ಮತ್ತು ಅದು ವ್ಯಾಯಾಮದ ಎಲ್ಲೆ; ಡಿಲಾರ್ಮರ ಅರ್ಧವು ತಕ್ಕಡಿಯಿಂದ ಅಳೆದುದು, ಮತ್ತು ಅದು ವ್ಯಾಯಾಮದ ಆರಂಭ. ಶಬ್ದಸಾಮ್ಯದಿಂದ ಅರ್ಥಸಾಮ್ಯವು ಸಿದ್ಧಿಸದು.

ಇದಕ್ಕಿಂತ ತೊಡಕಾದ ಸ್ಥಳವೊಂದುಂಟು. ಮೇಲಿನ ವಾದಿಗಳು ಅದನ್ನು ಮುಟ್ಟುವುದೇ ಇಲ್ಲ. ಅಷ್ಟಾಂಗಹೃದಯದ ಸೂತ್ರಸ್ಥಾನದಲ್ಲಿ ವಾಗ್ಭಟನು ವ್ಯಾಯಾಮವನ್ನು ಬಿಡತಕ್ಕವರಲ್ಲಿ ಬಾಲರೊಡನೆ ವೃದ್ಧರನ್ನೂ ಎಣಿಸಿರುವನು. ಬಾಸ್ಟನ್ನಿನಲ್ಲಿ ಮೇರಿಯಾ ಫಿಯಾಟರೋನ್ ಮೊದಲಾದವರು ವೃದ್ಧಾಶ್ರಮವಾಸಿಗಳಾದ 100 ಮಂದಿ ದುರ್ಬಲರಲ್ಲಿ ಪರೀಕ್ಷೆ ನಡೆಯಿಸಿ 1994ರಲ್ಲಿ ಫಲವನ್ನು ಪ್ರಕಟಿಸಿದರು. ಅವರ ಸರಾಸರಿ ವಯಸ್ಸು 87. 10 ವಾರಗಳ ಭಾರಸಾಧನೆಯಿಂದ ಬಲವು ನೂರಕ್ಕೆ 113ರಷ್ಟು ಹೆಚ್ಚಿತು. ಸಾಧನೆ ಮಾಡದವರಲ್ಲಿ ಹೆಚ್ಚಿದುದು ನೂರಕ್ಕೆ 3 ಮಾತ್ರ. ವಾಗ್ಭಟನ ವ್ಯಾಯಾಮವು ಶರೀರಕ್ಕೆ ಆಯಾಸವನ್ನುಂಟುಮಾಡುವ ಬೇರೆ ಬಗೆಯ ಕರ್ಮವೆಂದು ಸಮಾಧಾನ ಹೇಳಬಹುದು; ಅದರಲ್ಲಿ ಸತ್ಯಾಂಶವೂ ಇಲ್ಲದಿಲ್ಲ. ಆದರೆ ವಿರೋಧ ಬಂದಲ್ಲಿ ಭೇದವನ್ನೂ ಅನುಕೂಲವಾದಲ್ಲಿ ಅಭೇದವನ್ನೂ ಹಿಡಿಯುವುದು ನ್ಯಾಯವೆನಿಸದು. ವಾಗ್ಭಟನ ವಾಕ್ಯವು ಬೇರೆಯಾದರೆ ಮಣ್ಣಿನ ಮುದ್ದೆಯೂ ಬೇರೆಯೇ.

ಆಪ್ತವಾಕ್ಯವು ಹಳೆಯದಾಗಿರಬೇಕೆಂಬ ನಿಯಮವಿಲ್ಲ, ನವೀನರಲ್ಲಿಯೂ ಅದುಂಟು. ಪಕ್ಷಾಘಾತವಾದವನನ್ನು ಎಷ್ಟು ಬೇಗ, ಎಷ್ಟು ಹೆಚ್ಚಾಗಿ ಎಬ್ಬಿಸಿ ನಡೆಯಿಸಿದರೆ ಅಷ್ಟು ಒಳ್ಳೆಯದೆಂಬ ಮತವು ತಜ್ಞರಲ್ಲಿ ಬೇರೂರಿದ್ದಿತು. ಐದು ದೇಶಗಳ 56 ಆಸ್ಪತ್ರೆಗಳಲ್ಲಿ 2104 ರೋಗಿಗಳನ್ನು ಎರಡು ಪಂಗಡಗಳಾಗಿ ವಿಂಗಡಿಸಿ, ಒಂದಕ್ಕೆ 24 ಗಂಟೆಗಳೊಳಗೆ ಅಧಿಕಸಾಧನೆಯನ್ನೂ ಮತ್ತೊಂದಕ್ಕೆ ರೂಢಿಯ ಚಿಕಿತ್ಸೆಯನ್ನೂ ಕೊಟ್ಟು ನೋಡಿದರು. 2015ರಲ್ಲಿ ಪ್ರಕಟವಾದ ಫಲವು ಮತಕ್ಕೆ ವಿರುದ್ಧವಾಗಿದ್ದಿತು: ಮೂರು ತಿಂಗಳ ಮೇಲೆ ಚೆನ್ನಾಗಿದ್ದವರು ಮೊದಲ ಪಂಗಡದಲ್ಲಿ ನೂರಕ್ಕೆ 46, ಎರಡನೆಯದರಲ್ಲಿ 50. ಬಲ ಬರುವುದಕ್ಕೆ ಮುಂಚೆ ಕಲ್ಲನ್ನು ಕೊಡಬಾರದೆಂಬ ಸುಶ್ರುತನ ಮಾತು ಇದರಿಂದ ಸ್ಥಾಪಿತವಾಯಿತೆಂದು ಹೇಳಲು ಯಾರಾದರೂ ಹೊರಡಬಹುದು. ಮುರಿದ ಅಂಗೈ ಬೇರೆ, ರಕ್ತ ಕಟ್ಟಿದ ಮಿದುಳು ಬೇರೆ. ವ್ಯತಿರೇಕವನ್ನು ಕಂಡಲ್ಲದೆ ಅನ್ವಯವನ್ನು ನಂಬದಿರುವುದೇ ಆ ಪರೀಕ್ಷೆಯ ಸಾರ. ಸಂಹಿತೆಯ ಆ ವಿಧಿಯಲ್ಲಿ ಇಂತಹ ವ್ಯತಿರೇಕವು ಹೇಳಲ್ಪಟ್ಟಿಲ್ಲ.

ಇನ್ನು ಪರಿಭಾಷೆ. ಈ ಶಾಸ್ತ್ರಕ್ಕೆ ಕನ್ನಡದಲ್ಲಿ ‘ಪುನರ್ವಸತಿ’ಯೆಂಬ ಪದವು ರೂಢಿಗೆ ಬಂದಿದೆ. ಅಣೆಕಟ್ಟಿನ ನೀರಿನಲ್ಲಿ ಊರು ಮುಳುಗಿದವರಿಗೆ ಅದು ಸಲ್ಲುವುದು. ಮನೆಯಲ್ಲಿಯೇ ಇದ್ದು ಕೈ ಮುರಿದುಕೊಂಡವನಿಗೆ ಯಾವ ವಸತಿ? ‘ಬಲಾಧಾನ’ವೆಂದರೆ ‘ಜಾತಬಲ’ಕ್ಕೂ ಹತ್ತಿರವಾಗುವುದು, ಚಿಕಿತ್ಸಕರು ಮಾಡುವ ಕೆಲಸಕ್ಕೂ ಒಪ್ಪುವುದು.