ಕಣ್ಣು ಕಿಂಡಿಯಲ್ಲಿ, ಬೆರಳು ಚಕ್ರದಲ್ಲಿ

ದಾಂಡೇಲಿಯಲ್ಲಿ ಮಂಗಟ್ಟೆ ಹಕ್ಕಿ ಮರದ ನೆರಳಿನಿಂದ ಹೊರಬಿದ್ದು ಬೆಳ್ಳಗಿನ ಆಕಾಶಕ್ಕೆ ಏರಲು ಎರಡು ಸೆಕೆಂಡೂ ಬೇಡ. ಹಿನ್ನೆಲೆ ಬೆಳಗಿದ ಕೂಡಲೇ ಕ್ಯಾಮೆರಾದ ಮೀಟರ್ ಮೋಸಹೋಗುತ್ತದೆ. ಕಪ್ಪು ಹಕ್ಕಿಯ ಮೈಯೆಲ್ಲ ಮಸಿಯಾಗುತ್ತದೆ. ಬೇಕಾದದ್ದು ಒಂದು ಸ್ಟಾಪ್ ಹೆಚ್ಚು ಬೆಳಕು, ಅಂದರೆ ಹೆಬ್ಬೆರಳಿನ ಕೆಳಗಿರುವ ಡಯಲ್ ಮೂರು ಸಲ ಟಕ್ ಅನ್ನಬೇಕು. ವ್ಯೂಫೈಂಡರ್‌ನಿಂದ ಕಣ್ಣು ತೆಗೆಯಬೇಕಿಲ್ಲ. ಇದನ್ನೇ ಟಚ್‌ಸ್ಕ್ರೀನ್‌ನಲ್ಲಿ ಮಾಡಹೊರಟರೆ, ಕ್ಯಾಮೆರಾ ಇಳಿಸಿ, ಗುರುತು ಹುಡುಕಿ ಒತ್ತಿ, ಮತ್ತೆ ಎತ್ತುವಷ್ಟರಲ್ಲಿ ಹಕ್ಕಿ ಕಾಳಿ ನದಿ ದಾಟಿರುತ್ತದೆ.

ಕ್ಯಾನನ್‌ಗೆ ಇದು ಗೊತ್ತಿಲ್ಲದ್ದೇನಲ್ಲ. 1986ರ ಟಿ90 ಫಿಲ್ಮ್ ಕ್ಯಾಮೆರಾದಲ್ಲಿ ಶಟರ್ ಗುಂಡಿಯ ಹಿಂದೆಯೇ, ತೋರುಬೆರಳಿಗೆ ಸಿಗುವಂತೆ ಒಂದು ಚಕ್ರ ಇಟ್ಟದ್ದು ಅದೇ ಕಂಪನಿ. ಆ ಚಕ್ರ ಇವತ್ತಿನ ಮಿರರ್‌ಲೆಸ್ ಕ್ಯಾಮೆರಾಗಳಲ್ಲೂ ಹೆಚ್ಚುಕಡಿಮೆ ಅಲ್ಲೇ ಇದೆ. ಆದರೂ 2018ರ ಇಒಎಸ್ ಆರ್‌ನಲ್ಲಿ ಹೆಬ್ಬೆರಳು ಕೂರುವ ಜಾಗದಲ್ಲಿ ಸವರಿದರೆ ಕೆಲಸ ಮಾಡುವ ಒಂದು ಪಟ್ಟಿ ಬಂತು. ಕ್ಯಾಮೆರಾ ಹಿಡಿದರೂ ಸಾಕು, ಬೆರಳು ಅದಕ್ಕೆ ತಾಗುತ್ತಿತ್ತು. ಅದಕ್ಕೊಂದು ಬೀಗ, ಬೀಗ ತೆಗೆಯಲು ಒತ್ತಿ ಹಿಡಿಯುವ ಕಾಲಹರಣ! 2020ರಲ್ಲಿ ಆರ್5, ಆರ್6 ಬಂದಾಗ ಪಟ್ಟಿ ಮಾಯ. ಫೋಕಸ್ ಪಾಯಿಂಟ್ ಸರಿಸಲು ಜಾಯ್‌ಸ್ಟಿಕ್ ಹಾಜರ್.

ಹಾಗೆಂದು ಮೈತುಂಬ ಡಯಲ್ ಹೊತ್ತ ಕ್ಯಾಮೆರಾಗಳ ಭಕ್ತ ನಾನಲ್ಲ. 2013ರ ನಿಕಾನ್ ಡಿಎಫ್ ನೋಡಲು ಚೆಂದ, ಹಳೇ ಫಿಲ್ಮ್ ಕ್ಯಾಮೆರಾದ ಗತ್ತು. ಆದರೆ ಅದರ ಎಕ್ಸ್‌ಪೋಷರ್ ಡಯಲ್ ತಿರುಗಬೇಕಾದರೆ ನಡುವಿನ ಗುಂಡಿಯನ್ನು ಒತ್ತಿಕೊಂಡಿರಬೇಕು, ಅದೂ ಎಡಗೈ ಕಡೆ. ಉದ್ದದ ಲೆನ್ಸ್‌ಗೆ ಆಸರೆ ಕೊಟ್ಟ ಎಡಗೈ ಅಲ್ಲಿಗೆ ಹೋಗುವುದೆಂತು? ಅಂಕಿ ಕೆತ್ತಿದ ಡಯಲ್ ಕಪಾಟಿಗೆ ಶೋಭೆ. ಅಂಕಿಯೇ ಇಲ್ಲದ ಬೋಳು ಚಕ್ರವೇ ಕಾಡಿಗೆ ವಾಸಿ.

ಟಚ್‌ಸ್ಕ್ರೀನ್ ದಂಡವೇ? ಅಲ್ಲವೇ ಅಲ್ಲ. ಆಗುಂಬೆಯಲ್ಲಿ ತರಗೆಲೆ ಮೇಲೆ ಕೂತ ಕಪ್ಪೆಗೆ ಕ್ಯಾಮೆರಾವನ್ನು ನೆಲಕ್ಕೆ ಒರಗಿಸಿ, ಸ್ಕ್ರೀನ್ ಮೇಲಕ್ಕೆ ಮಡಚಿ, ಕಪ್ಪೆಯ ಕಣ್ಣಿನ ಮೇಲೆ ಒಮ್ಮೆ ಬೆರಳಿಟ್ಟರೆ ಫೋಕಸ್ ಕೂತಿರುತ್ತದೆ. ಕೆಸರಲ್ಲಿ ಹೊಟ್ಟೆ ಊರಿ ಮಲಗುವ ಕಷ್ಟವಿಲ್ಲ. ಆದರೆ ಅದೇ ಆಗುಂಬೆಯ ಮಳೆ ಹನಿ ಸ್ಕ್ರೀನ್ ಮೇಲೆ ಬಿದ್ದರೆ, ಅದನ್ನೂ ಬೆರಳೆಂದುಕೊಂಡು ಫೋಕಸ್ ಎಲ್ಲೆಲ್ಲಿಗೋ ಓಡುವುದುಂಟು. ನಾನಂತೂ ಜೂನ್ ಬಂತೆಂದರೆ ಮೆನುವಿಗೆ ಹೋಗಿ ಟಚ್ ಆಫ್ ಮಾಡಿಬಿಡುತ್ತೇನೆ.

ಹೊಸ ಕ್ಯಾಮೆರಾ ಕೊಳ್ಳುವವರು ಮೆಗಾಪಿಕ್ಸೆಲ್ ವಿಚಾರಿಸುವ ಮೊದಲು ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ವ್ಯೂಫೈಂಡರ್‌ಗೆ ಕಣ್ಣಿಟ್ಟು ಅಪರ್ಚರ್, ಐಎಸ್‌ಒ, ಫೋಕಸ್ ಪಾಯಿಂಟ್ ಮೂರನ್ನೂ ಬದಲಿಸಿ ನೋಡಿ. ನಡುವೆ ಒಮ್ಮೆಯೂ ಕ್ಯಾಮೆರಾ ಕೆಳಗಿಳಿಸಬೇಡಿ. ಇಳಿಸಲೇಬೇಕಾಗಿ ಬಂದರೆ, ಅದನ್ನು ಅಲ್ಲೇ ಬಿಟ್ಟು ಇನ್ನೊಂದು ಕೇಳಿ.