ಟಾಲ್‌ಸ್ಟಾಯ್ ಅವರ ‘ಪುನರುತ್ಥಾನ’ ಮತ್ತು ರಷ್ಯನ್ ಆಡುಮಾತು

ರಷ್ಯನ್ ಮಾತನಾಡಲು ಕಲಿಯುವವರು ಆರಂಭದಲ್ಲೇ ವಾರದ ದಿನಗಳನ್ನು ಕಲಿಯುತ್ತಾರೆ. ನಾವು ಸೂರ್ಯನ ಹೆಸರಿಟ್ಟ ಭಾನುವಾರ ಅಲ್ಲಿ ‘ವೊಸ್ಕ್ರೆಸೆನ್ಯೆ’. ಪುನರುತ್ಥಾನ ಎಂಬರ್ಥದ ‘ವೊಸ್ಕ್ರೆಸೆನಿಯೆ’ಯಿಂದಲೇ ಬಂದ ಪದವದು. 1899ರಲ್ಲಿ ಟಾಲ್‌ಸ್ಟಾಯ್ ತಮ್ಮ ಕೊನೆಯ ಬೃಹತ್ ಕಾದಂಬರಿಗೆ ಈ ಎರಡನೆಯ ಪದವನ್ನೇ ಹೆಸರಾಗಿಟ್ಟರು. ಅನುವಾದದಲ್ಲಿ ಓದುವವರಿಗೆ ಆ ಶೀರ್ಷಿಕೆಯೊಳಗಿನ ಭಾನುವಾರ ಕೇಳಿಸದು. ಕೇಳಿಸಿದರೆ ಕೃತಿಯ ಕೊರತೆಯೂ ಕಾಣುತ್ತದೆ. ತಾನು ಕೆಡಿಸಿದ ಕತ್ಯೂಶಾಳನ್ನು ನೆಖ್ಲ್ಯೂದೋವ್ ಸೈಬೀರಿಯದವರೆಗೂ ಹಿಂಬಾಲಿಸುತ್ತಾನೆ. ಕೊನೆಗೆ ಪರ್ವತ ಪ್ರಬೋಧನೆಯನ್ನು ಓದಿ ಹೊಸ ಬಾಳಿಗೆ ಎಚ್ಚರಗೊಳ್ಳುತ್ತಾನೆ. ಈ ಪಶ್ಚಾತ್ತಾಪ ನಿಜವಾದದ್ದು. ಆದರೆ ಸೆರೆಮನೆಯ ಬಲಿಪೂಜೆಯನ್ನು ಅಣಕಿಸುವ ಲೇಖಕರು ಪುನರುತ್ಥಾನವನ್ನು ಮನುಷ್ಯನ ನೈತಿಕ ಸಂಕಲ್ಪದ ಮಟ್ಟಕ್ಕೆ ಇಳಿಸಿಬಿಡುತ್ತಾರೆ. ಜನರ ಆಡುಮಾತು ಹಾಗೆ ಇಳಿಸಿಲ್ಲ: ನಾವು ಏಳುವ ಮುನ್ನವೇ ಕ್ರಿಸ್ತರು ಎದ್ದಿದ್ದಾರೆಂಬುದನ್ನು ಅದು ವಾರವಾರವೂ ನುಡಿಯುತ್ತದೆ.